ಮನೆಯಲ್ಲೇ ಕಟ್ಟುವ ವಿಮಾನಕ್ಕೆ ಯಾವ ಎಂಜಿನ್? ಚಿಕ್ಕಬಳ್ಳಾಪುರದ ಶೆಡ್‌ನಿಂದ ಒಂದು ಹೋಲಿಕೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕಬಳ್ಳಾಪುರದಲ್ಲಿ 80 ಎಚ್‌ಪಿ ಎಂಜಿನ್ನು 80 ಎಚ್‌ಪಿ ಕೊಡುವುದಿಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 915 ಮೀಟರ್, ಅಂದರೆ 3,000 ಅಡಿ ಎತ್ತರದಲ್ಲಿದೆ. ಈ ಎತ್ತರಕ್ಕೆ ಪುಸ್ತಕದ ಲೆಕ್ಕದ ಉಷ್ಣಾಂಶ 9 ಡಿಗ್ರಿ. ಬಿಸಿಲು 35 ಮುಟ್ಟಿದ ದಿನ ಗಾಳಿ ಎಷ್ಟು ತೆಳ್ಳಗಾಗುತ್ತದೆಂದರೆ, ಎಂಜಿನ್ನಿಗೂ ರೆಕ್ಕೆಗೂ ಅದು 6,000 ಅಡಿಯ ಗಾಳಿಯೇ. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. 80 ಇದ್ದದ್ದು 65ಕ್ಕೆ ಬಂತು. ಮೇಲೇಳಲು ಬೇಕಾದ ಓಟ ಅರ್ಧಕ್ಕಿಂತ ಹೆಚ್ಚು ಉದ್ದವಾಗುತ್ತದೆ. ಕೋಲಾರ, ತುಮಕೂರು ಸುಮಾರು ನೂರು ಮೀಟರ್ ತಗ್ಗಿನಲ್ಲಿದ್ದರೂ ಲೆಕ್ಕ ಹೆಚ್ಚೇನೂ ಬದಲಾಗದು.

ಎಂಜಿನ್ ಆರಿಸಲು ಕೂತವರು ಮೊದಲು ಈ ಲೆಕ್ಕ ಹಾಕಿಕೊಳ್ಳಬೇಕು. ಕಂಪನಿಯ ಕಾಗದದಲ್ಲಿರುವ ಅಂಕಿ ಸಮುದ್ರಮಟ್ಟದ್ದು, 15 ಡಿಗ್ರಿಯದ್ದು. ನಾನೂ ಕೆಜಿಎಫ್‌ನ ಗೆಳೆಯನೊಬ್ಬನೂ ಇಬ್ಬರು ಕೂರುವ ಪುಟ್ಟ ವಿಮಾನ ಕಟ್ಟಲು ಹೊರಟಾಗ ಎಂಜಿನ್ ವಿಚಾರದಲ್ಲೇ ಎರಡು ವರ್ಷ ಕಳೆದೆವು. ಆ ಎರಡು ವರ್ಷದಲ್ಲಿ ಕಲಿತದ್ದನ್ನು ಇದೇ ದಾರಿ ಹಿಡಿಯುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಯಾವ ಎಂಜಿನ್ ಹಾಕಿದರೂ ನಮ್ಮ ದೇಶದಲ್ಲಿ ವಿಮಾನಕ್ಕೆ ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಬೇಕು, ಹಾರಿಸಲು ಅನುಮತಿ ಬೇಕು. ಮುಂಬೈಯ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿ ಮೇಲೆ ಕಟ್ಟಿದ ವಿಮಾನವನ್ನು 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ. ಅಷ್ಟು ತಾಳ್ಮೆ ಇಟ್ಟುಕೊಂಡೇ ಹೊರಡಬೇಕು. ಎಂಜಿನ್ ಕೊಳ್ಳುವ ಮೊದಲೇ ಅಧಿಕಾರಿಗಳ ಜೊತೆ ಮಾತಾಡಿ. ಪ್ರತಿ ಹಂತದ ಫೋಟೊ, ಪ್ರತಿ ಬೋಲ್ಟಿನ ಬಿಲ್ಲು ಜೋಪಾನ ಮಾಡಿ. ಕಾರಿನ ಎಂಜಿನ್ ಹಾಕುವವರಿಗೆ ಈ ದಾಖಲೆ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಪ್ರಮಾಣಪತ್ರ ಕೊಡುವ ಕಂಪನಿಯೇ ಇರುವುದಿಲ್ಲ. ಎಂಜಿನ್ ಕಂಪನಿಯ ಜಾಗದಲ್ಲಿ ನೀವೇ ನಿಂತಿರುತ್ತೀರಿ.

ಇನ್ನೊಂದು ಮಾತು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ನಮಗೆ ಕೂಗಳತೆಯಲ್ಲಿದೆ. ಯಲಹಂಕದ ವಾಯುಪಡೆ ನೆಲೆಯೂ ದೂರವಿಲ್ಲ. ಸ್ವಂತ ಹೊಲದಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬಹುದು. ಅಲ್ಲಿಂದ ಹಾರುವ ಯೋಚನೆಯನ್ನು ಮಾತ್ರ ಬಿಡಬೇಕು. ಮೇಲಿರುವ ಪ್ರಯಾಣಿಕರ ಜೀವದ ಪ್ರಶ್ನೆ ಅದು.

ರೋಟಾಕ್ಸ್ 912: ಕಾಸು ಇದ್ದರೆ ಇದೇ

ಆಸ್ಟ್ರಿಯಾದ ಈ ನಾಲ್ಕು ಸಿಲಿಂಡರಿನ ಎಂಜಿನ್ ಇವತ್ತು ಸಣ್ಣ ವಿಮಾನಗಳ ಲೋಕದಲ್ಲಿ ಮನೆಮಾತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಕಟ್ಟಿದ ಹಂಸ-3 ವಿಮಾನದಲ್ಲಿದ್ದದ್ದು ಇದರ ಟರ್ಬೊ ಅಣ್ಣ, 115 ಎಚ್‌ಪಿಯ 914. 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಯಲ್ಲೂ ರೋಟಾಕ್ಸೇ ಇದೆ.

912ರಲ್ಲಿ ಎರಡು ಮುಖ್ಯ ಬಗೆ: 1,211 ಸಿಸಿಯ 80 ಎಚ್‌ಪಿ, 1,352 ಸಿಸಿಯ 100 ಎಚ್‌ಪಿ. ಸಿಲಿಂಡರಿಗೆ ಗಾಳಿಯ ತಂಪು, ಅದರ ಮುಚ್ಚಳವಾದ ಹೆಡ್ಡಿಗೆ ನೀರಿನ ತಂಪು. ಎಂಜಿನ್ ನಿಮಿಷಕ್ಕೆ 5,500 ಸುತ್ತಿನ ಸುಮಾರಿನಲ್ಲಿ ತಿರುಗುತ್ತದೆ, ಗೇರ್‌ಬಾಕ್ಸ್ ಅದನ್ನು ಪ್ರೊಪೆಲ್ಲರಿಗೆ ಬೇಕಾದಷ್ಟಕ್ಕೆ ಇಳಿಸುತ್ತದೆ. ಎಣ್ಣೆ, ನೀರು ಎಲ್ಲ ಸೇರಿಸಿದರೂ 100 ಎಚ್‌ಪಿಯದ್ದು 75 ಕೆಜಿ ಆಸುಪಾಸು. ಸರಿಯಾಗಿ ನೋಡಿಕೊಂಡರೆ 2,000 ಗಂಟೆಯವರೆಗೆ ಬಿಚ್ಚಿ ಕಟ್ಟುವ ಕೆಲಸವಿಲ್ಲ. ಕಿಡಿ ಕೊಡುವ ಇಗ್ನಿಷನ್ ಎರಡು ಸೆಟ್ಟು, ಒಂದು ಹೋದರೂ ಇನ್ನೊಂದು ನಡೆಸುತ್ತದೆ.

ನಮ್ಮ ಕಡೆಗೆ 80 ಎಚ್‌ಪಿಯದ್ದೇ ಮೇಲು ಎನ್ನುವವರಿದ್ದಾರೆ, ಕಾರಣ ಪೆಟ್ರೋಲ್. ಒತ್ತಡದಲ್ಲಿ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದಿರುವ ಅಳತೆಗೆ ಆಕ್ಟೇನ್ ಎನ್ನುತ್ತಾರೆ. ಅದು 90 ಆಕ್ಟೇನಿಗೆ ಒಪ್ಪುತ್ತದೆ. 100 ಎಚ್‌ಪಿಗೆ 95 ಬೇಕು. ಆದರೆ ನಮ್ಮ ಎತ್ತರದಲ್ಲಿ 100 ಎಂಬುದು ಬೇಸಿಗೆಯಲ್ಲಿ 80 ಆಗುತ್ತದೆ ಎಂಬುದನ್ನೂ ನೆನಪಿಡಿ. ಒಬ್ಬರೇ ಹಾರುವುದಾದರೆ 80 ಸಾಕು. ಇಬ್ಬರಾದರೆ ನಾನು 100ಕ್ಕೇ ಕೈ ಹಾಕುತ್ತೇನೆ, ಇಂಧನದ ತೊಂದರೆಯನ್ನು ಬೇರೆಯಾಗಿ ಬಗೆಹರಿಸಿಕೊಳ್ಳುತ್ತೇನೆ.

ಬೆಲೆಯೇ ದೊಡ್ಡ ಅಡ್ಡಿ. ಹೊಸದಾದರೆ ಹದಿನೈದು ಲಕ್ಷ ದಾಟುತ್ತದೆ, ಬಿಡಿಭಾಗವೂ ಹೊರದೇಶದ್ದೇ.

ಎರಡು-ಸ್ಟ್ರೋಕ್

ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್‌ನವರ ಎಕ್ಸ್-ಏರ್ ವಿಮಾನಗಳಲ್ಲಿ ರೋಟಾಕ್ಸ್ 582 ಇರುವುದನ್ನು ಹಲವರು ನೋಡಿರಬಹುದು. 580 ಸಿಸಿಯಲ್ಲೇ 65 ಎಚ್‌ಪಿ, ಹಗುರ, ಅಗ್ಗ. ಆದರೆ 300 ಗಂಟೆಗೆ ಪೂರ್ತಿ ಬಿಚ್ಚಬೇಕು. ಎಣ್ಣೆ ಕಡಿಮೆಯಾದರೆ ಅಥವಾ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ಟಿನ ಅಳತೆ ತುಸು ತಪ್ಪಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ತಗ್ಗಿನಲ್ಲಿ, ನಿಧಾನವಾಗಿ, ಇಳಿಯಲು ಜಾಗ ಇರುವ ಕಡೆ ಒಬ್ಬರೇ ಹಾರುವವರಿಗೆ ಸರಿ. ಹೆಂಡತಿಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳುವ ಆಸೆ ಇದ್ದರೆ ಬೇಡ.

ಜಬಿರು ಮತ್ತು ಫೋಕ್ಸ್‌ವ್ಯಾಗನ್: ಗೇರ್‌ಬಾಕ್ಸ್ ಇಲ್ಲದ ದಾರಿ

ಆಸ್ಟ್ರೇಲಿಯಾದ ಜಬಿರು 2200 ಸುಮಾರು 60 ಕೆಜಿಗೆ 85 ಎಚ್‌ಪಿ ಕೊಡುತ್ತದೆ. ಪ್ರೊಪೆಲ್ಲರ್ ನೇರವಾಗಿ ಎಂಜಿನ್ನಿನ ಮುಖ್ಯ ಶಾಫ್ಟಿಗೇ, ಅಂದರೆ ಕ್ರ್ಯಾಂಕಿಗೇ ಕೂರುತ್ತದೆ, ಪೂರ್ತಿ ಗಾಳಿ ತಂಪು. ನೋಡಲು ಅಚ್ಚುಕಟ್ಟು, ಸರಳ. ಹಾಗೆಂದು ಕಣ್ಣು ಮುಚ್ಚಿ ಕೊಳ್ಳಬೇಡಿ. 2014ರ ಕೊನೆಯಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಪ್ರಾಧಿಕಾರವೇ ಈ ಎಂಜಿನ್ ಇರುವ ವಿಮಾನಗಳ ಮೇಲೆ ನಿರ್ಬಂಧ ಹಾಕಿತ್ತು, ಹಾರಾಟದಲ್ಲಿ ನಿಂತುಹೋದ ಪ್ರಕರಣಗಳು ಹೆಚ್ಚಾಗಿದ್ದವು. ಆಮೇಲೆ ಸುಧಾರಣೆಯಾಗಿ, ನಿರ್ಬಂಧ ಸಡಿಲವಾಯಿತು. ಹಳೆಯದು ಸಿಕ್ಕಿದರೆ ಯಾವ ಸುಧಾರಣೆಗಳಾಗಿವೆ, ಬೋಲ್ಟುಗಳು ಯಾವಾಗ ಬದಲಾಗಿವೆ ಎಂದು ದಾಖಲೆ ಕೇಳಿ.

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಮಾತ್ರ ಈ ಹವ್ಯಾಸದ ಹಿರಿಯಜ್ಜ. 1950ರ ದಶಕದಲ್ಲೇ ಫ್ರಾನ್ಸ್‌ನ ಡ್ರುಯಿನ್ ಟರ್ಬುಲೆಂಟ್ ಎಂಬ ಪುಟ್ಟ ವಿಮಾನ ಇದರಿಂದ ಹಾರಿತು. 1,600 ಸಿಸಿಯಿಂದ ಹಿಡಿದು 2,180 ಸಿಸಿಯವರೆಗೆ ಹಿಗ್ಗಿಸಿ 80 ಎಚ್‌ಪಿವರೆಗೆ ತೆಗೆಯುತ್ತಾರೆ. 3,300ರ ಸುಮಾರಿಗೆ ತಿರುಗಿಸಬೇಕಾದ್ದರಿಂದ ಪ್ರೊಪೆಲ್ಲರ್ ಚಿಕ್ಕದಿರಬೇಕು. ಚಿಕ್ಕ ಪ್ರೊಪೆಲ್ಲರ್ ನಿಂತಲ್ಲಿಂದ ಎಳೆಯುವುದರಲ್ಲಿ ಹಿಂದೆ. ಉದ್ದ ರನ್‌ವೇ, ವೇಗದ ವಿಮಾನ ಎರಡೂ ಇದ್ದರೆ ತೊಂದರೆಯಿಲ್ಲ.

ಅದರ ನಿಜವಾದ ಮಿತಿ ಹೆಡ್ಡಿನಲ್ಲಿದೆ. ಕಾರಿನಲ್ಲಿ ಆ ಎಂಜಿನ್ ತನ್ನ ಶಕ್ತಿಯ ಸ್ವಲ್ಪ ಪಾಲನ್ನೇ ಬಳಸುತ್ತ ಹೋಗುತ್ತದೆ, ವಿಮಾನದಲ್ಲಿ ಗಂಟೆಗಟ್ಟಲೆ ಮುಕ್ಕಾಲು ಪಾಲು ಕೊಡಬೇಕು. ಹೆಡ್ಡಿನ ತೆಳು ಫಿನ್ನುಗಳು ಹೊರಹಾಕುವ ಶಾಖಕ್ಕೆ ಮಿತಿ ಇದೆ. ಆ ಮಿತಿ ದಾಟಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ನಾಲ್ಕೂ ಹೆಡ್ ಉಷ್ಣಾಂಶ ತೋರಿಸುವ ಮೀಟರ್ ಇಲ್ಲದೆ ಈ ಎಂಜಿನ್ ಹಾರಿಸಬೇಡಿ. ನಮ್ಮ ಬಯಲುಸೀಮೆಯ ಬಿಸಿಲಲ್ಲಿ ಏರುವಾಗಲಂತೂ ಕಣ್ಣು ಆ ಮೀಟರಿನ ಮೇಲೇ ಇರಬೇಕು.

ಮಾರುತಿ ಜಿಪ್ಸಿ ಎಂಜಿನ್: ನಾವು ಹೋದ ದಾರಿ

ಈ ಭಾಗ ಉದ್ದವಾಗುತ್ತದೆ. ಏಕೆಂದರೆ ನಮ್ಮೂರ ಹುಡುಗರು ಮೊದಲು ಕೇಳುವುದು ಇದನ್ನೇ: "ಅಣ್ಣ, ಗುಜರಿಯಲ್ಲಿ ಜಿಪ್ಸಿ ಎಂಜಿನ್ ಸಿಗುತ್ತಲ್ಲ, ಅದನ್ನೇ ಹಾಕಿದರೆ?"

ಪ್ರಶ್ನೆ ತಪ್ಪಿಲ್ಲ. ಜಿಪ್ಸಿ ಕಿಂಗ್‌ನ 1,298 ಸಿಸಿ, 16 ವಾಲ್ವಿನ ಜಿ-13 ಎಂಜಿನ್ ಅಲ್ಯೂಮಿನಿಯಂ ಬ್ಲಾಕಿನದ್ದು, 6,000ದಲ್ಲಿ 80 ಎಚ್‌ಪಿ. ಸುಜುಕಿಯ ಇದೇ ಕುಟುಂಬದ ಎಂಜಿನ್ನುಗಳನ್ನು ಅಮೆರಿಕದಲ್ಲಿ ವಿಮಾನಕ್ಕೆ ಹಾಕಿ ಹಾರಿಸುತ್ತಿದ್ದಾರೆ. ಗ್ಯಾಸ್ಕೆಟ್ಟೋ ಸೆನ್ಸಾರೋ ಬೇಕೆಂದರೆ ಬಿ.ಬಿ. ರಸ್ತೆಯ ಅಂಗಡಿಯಲ್ಲಿ ಸಂಜೆಯೊಳಗೆ ಕೈಗೆ ಬರುತ್ತದೆ. ಎಂಜಿನ್ನಿನ ಒಳಗಿನ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಚಿಂತಾಮಣಿಯಲ್ಲೂ ಇದ್ದಾರೆ, ತುಮಕೂರಿನಲ್ಲೂ ಇದ್ದಾರೆ.

ತೊಂದರೆ ಇರುವುದು ಎಂಜಿನ್ನಿನ ಹೊರಗೆ, ಕ್ರ್ಯಾಂಕಿಗೂ ಪ್ರೊಪೆಲ್ಲರಿಗೂ ನಡುವೆ. 1.7 ಮೀಟರ್ ವ್ಯಾಸದ ಪ್ರೊಪೆಲ್ಲರನ್ನು 4,800 ಸುತ್ತಿನಲ್ಲಿ ನೇರವಾಗಿ ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ 427 ಮೀಟರ್. ಅದು ಶಬ್ದದ ವೇಗಕ್ಕಿಂತ ಹೆಚ್ಚು. ಎಲ್ಲ ಶಕ್ತಿ ಸದ್ದಿಗೇ ಹೋಗುತ್ತದೆ. ಅರ್ಧಕ್ಕೆ ಇಳಿಸಿದರೆ 214 ಮೀಟರ್, ಅದು ಸರಿ. ಹಾಗಾಗಿ ಹಲ್ಲು ಬೆಲ್ಟೋ ಗೇರೋ ಬೇಕೇ ಬೇಕು. ನಾವು ಎರಡಕ್ಕೆ ಒಂದರ ಬೆಲ್ಟ್ ಇಟ್ಟೆವು. ಪುಲ್ಲಿಗಳನ್ನು ಕೆಜಿಎಫ್‌ನ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಮಾಡಿಸಿದೆವು. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿನ ಟರ್ನರ್‌ಗಳ ಕೈಚಳಕ ಇನ್ನೂ ಉಳಿದಿದೆ.

ಎಂಜಿನ್ ಸ್ಟ್ಯಾಂಡಿನ ಮೇಲೆ ಹದಿನೆಂಟನೇ ಗಂಟೆ. ಬೆಳಿಗ್ಗೆ ಎಂಜಿನ್ ಬಿಸಿಯಾಗಲೆಂದು 900ರಲ್ಲಿ ಐಡಲ್ ಬಿಟ್ಟು ಕಾಫಿ ಕುಡಿಯುತ್ತಿದ್ದೆವು. ಸುಟ್ಟ ಟಯರಿನ ವಾಸನೆ ಬಂತು. ಆಫ್ ಮಾಡಿ ಕವರ್ ಬಿಚ್ಚಿದರೆ ಒಳಗೆಲ್ಲ ಕಪ್ಪು ಪುಡಿ, ಕಾಡಿಗೆಯಷ್ಟು ನುಣುಪು. ಬೆರಳಿಗೆ ಹತ್ತಿದರೆ ಜಿಡ್ಡಿನಂತೆ ಅಂಟಿಕೊಳ್ಳುತ್ತಿತ್ತು. ಫ್ಲೈವೀಲಿಗೂ ಕೆಳಗಿನ ಪುಲ್ಲಿಗೂ ನಡುವೆ ನಾವಿಟ್ಟಿದ್ದ ರಬ್ಬರ್ ಕಪ್ಲಿಂಗಿನ ಆರು ಬುಷ್‌ಗಳಲ್ಲಿ ನಾಲ್ಕು ಮೊಟ್ಟೆ ಆಕಾರಕ್ಕೆ ತಿರುಗಿದ್ದವು. ಬೆಲ್ಟಿಗೆ ಏನೂ ಆಗಿರಲಿಲ್ಲ. ಪುಲ್ಲಿ ಮಾಡಿಕೊಟ್ಟ ಹಿರಿಯರಿಗೆ ತೋರಿಸಿದಾಗ ಬುಷ್ಷನ್ನು ಕೈಯಲ್ಲಿ ಹಿಸುಕಿ ನೋಡಿ ಹೇಳಿದರು: "ಓಡುವಾಗ ಹಾಳಾಗಿಲ್ಲ ಸಾರ್. ನಿಂತು ಗಡಗಡ ಅನ್ನುವಾಗ ಹಾಳಾಗಿದೆ."

ಅವರ ಮಾತು ಸರಿಯಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಗುದ್ದುತ್ತದೆ. ಪ್ರೊಪೆಲ್ಲರ್ ಭಾರದ ಚಕ್ರದಂತೆ ಒಂದೇ ವೇಗದಲ್ಲಿ ಹೋಗಬಯಸುತ್ತದೆ. ನಡುವಿನ ರಬ್ಬರ್ ಸ್ಪ್ರಿಂಗಿನಂತೆ ತಿರುಚಿಕೊಂಡು ಬಿಚ್ಚಿಕೊಳ್ಳುತ್ತದೆ. ಗುದ್ದಿನ ಲಯವೂ ಈ ಸ್ಪ್ರಿಂಗಿನ ಲಯವೂ ಒಂದಾದ ವೇಗದಲ್ಲಿ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ತಿರುಚು ಹೆಚ್ಚುತ್ತಲೇ ಹೋಗುತ್ತದೆ. ನಮ್ಮ ಕಪ್ಲಿಂಗಿನಲ್ಲಿ ಆ ವೇಗ ಸರಿಯಾಗಿ ಐಡಲ್ ಹತ್ತಿರವೇ ಬಿದ್ದಿತ್ತು. ರಬ್ಬರ್ ಇಲ್ಲದೆ ಗಟ್ಟಿಯಾಗಿ ಕಟ್ಟಿದ್ದರೆ ಅದೇ ಲಯ ಮೇಲಿನ ವೇಗಕ್ಕೆ ಹೋಗಿ, ಹಾರುವಾಗಲೇ ಶಾಫ್ಟ್ ತುಂಡಾಗಬಹುದಿತ್ತು. ಬುಷ್ ಬದಲಿಸಿದೆವು. ಐಡಲ್ 1,600ಕ್ಕೆ ಏರಿಸಿದೆವು. ಸ್ಟಾರ್ಟ್ ಆದ ಕೂಡಲೇ ಆ ಕೆಳಗಿನ ವೇಗವನ್ನು ದಾಟಿಸುತ್ತೇವೆ, ಅಲ್ಲಿ ನಿಲ್ಲಿಸುವುದೇ ಇಲ್ಲ. ಆಮೇಲಿನ ನಲವತ್ತು ಗಂಟೆಯಲ್ಲಿ ಪುಡಿ ಬಂದಿಲ್ಲ.

ಇನ್ನೆರಡು ಸಂಗತಿ. ಇದು ಪೆಟ್ರೋಲನ್ನು ಕರೆಂಟಿನಿಂದ ಚಿಮುಕಿಸುವ ಇಂಜೆಕ್ಷನ್ ಎಂಜಿನ್, ಕರೆಂಟ್ ಇಲ್ಲದೆ ಒಂದು ಕ್ಷಣವೂ ಓಡದು. ಒಂದು ಬ್ಯಾಟರಿ, ಒಂದು ಪಂಪು ಇಟ್ಟು ಹಾರುವುದು ಜೀವದ ಜೊತೆ ಆಟ. ಎರಡೆರಡು ಬೇಕು, ವೈರಿಂಗ್ ಬೇರೆ ಬೇರೆ ದಾರಿಯಲ್ಲಿ ಹೋಗಬೇಕು. ಎರಡನೆಯದು ತೂಕ. ರೇಡಿಯೇಟರ್, ನೀರು, ಬೆಲ್ಟಿನ ಜೋಡಣೆ ಎಲ್ಲ ಸೇರಿ ನಮ್ಮ ಜಿಪ್ಸಿ ಎಂಜಿನ್ ರೋಟಾಕ್ಸ್‌ಗಿಂತ ಸುಮಾರು 20 ಕೆಜಿ ಹೆಚ್ಚು ತೂಗಿತು. ಆ 20 ಕೆಜಿ ವಿಮಾನದ ಸಮತೂಕದ ಬಿಂದುವಿಗಿಂತ 1.2 ಮೀಟರ್ ಮುಂದೆ ಕೂತರೆ ಮೂಗು ಕೆಳಗೆ ಎಳೆಯುತ್ತದೆ. ಸರಿದೂಗಿಸಲು 6 ಕೆಜಿ ಬ್ಯಾಟರಿಯನ್ನು 4 ಮೀಟರ್ ಹಿಂದಕ್ಕೆ ಸರಿಸಬೇಕು. ಲೆಕ್ಕ ಕೂಡುತ್ತದೆ, ಆದರೆ ಹೊರಬಹುದಾದ ಪೆಟ್ರೋಲ್‌ನಲ್ಲಿ 20 ಕೆಜಿ ಕಡಿಮೆಯಾಯಿತು. ಅದು ಒಂದು ಗಂಟೆಗೂ ಹೆಚ್ಚಿನ ಹಾರಾಟ.

ಹಾಗಾದರೆ ಜಿಪ್ಸಿ ಬೇಡವೇ? ಲೇತ್ ಕೆಲಸ ಬಲ್ಲವರಾಗಿದ್ದು, ಹಾರುವುದಕ್ಕಿಂತ ಕಟ್ಟಿ ಪರೀಕ್ಷಿಸುವುದರಲ್ಲೇ ಸಂತೋಷ ಕಾಣುವವರಾದರೆ ಖಂಡಿತ ಮಾಡಿ. ಇದರಷ್ಟು ಕಲಿಸುವ ಕೆಲಸ ಇನ್ನೊಂದಿಲ್ಲ. ಎರಡು ವರ್ಷದಲ್ಲಿ ಆಕಾಶಕ್ಕೇರುವ ಗುರಿ ಇದ್ದರೆ ಈ ದಾರಿ ಬೇಡ. ನಮ್ಮ ವಿಮಾನಕ್ಕೆ ನಾವು ಕೊನೆಗೆ ಗೊತ್ತು ಮಾಡಿಕೊಂಡದ್ದು 100 ಎಚ್‌ಪಿ ರೋಟಾಕ್ಸ್. ಜಿಪ್ಸಿ ಎಂಜಿನ್ ಸ್ಟ್ಯಾಂಡಿನ ಮೇಲೆಯೇ ಇದೆ, ಭಾನುವಾರ ಓಡಿಸುತ್ತೇವೆ.

ಲೈಕಾಮಿಂಗ್, ಬುಲೆಟ್, ಬ್ಯಾಟರಿ

ಲೈಕಾಮಿಂಗ್ ಓ-235 ಹಳೆಯ ಕಾಲದ ಗಟ್ಟಿಮುಟ್ಟು: 3.8 ಲೀಟರ್, 115 ಎಚ್‌ಪಿ ಆಸುಪಾಸು, ನೇರ ಪ್ರೊಪೆಲ್ಲರ್, ಬ್ಯಾಟರಿ ಸತ್ತರೂ ಕಿಡಿ ಕೊಡುವ ಎರಡು ಮ್ಯಾಗ್ನೆಟೊ. ತೂಕ ನೂರು ಕೆಜಿ ದಾಟುತ್ತದೆ. ಗಟ್ಟಿ ಚೌಕಟ್ಟಿನ ವೇಗದ ವಿಮಾನಕ್ಕೆ ಒಳ್ಳೆಯದು. 1980ರ ದಶಕದಲ್ಲಿ ಎನ್‌ಎಎಲ್ ವಿಜ್ಞಾನಿಗಳು ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಎಂಬ ಇಂಥದೇ ವೇಗದ ವಿಮಾನದ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಸಣ್ಣ ಸಂಶೋಧನಾ ವಿಮಾನ ಕಟ್ಟಿದ್ದರು ಎಂಬುದು ಈ ಹವ್ಯಾಸದವರಿಗೆ ಹೆಮ್ಮೆಯ ವಿಷಯ.

ಬುಲೆಟ್ ಬೈಕಿನ ಎಂಜಿನ್ ಕೇಳುವವರಿಗೆ: 350 ಸಿಸಿಯಲ್ಲಿ ಇಪ್ಪತ್ತು ಎಚ್‌ಪಿ ಸುಮಾರು, ಒಂದೇ ಸಿಲಿಂಡರಿನ ಕಂಪನ, ಭಾರ. ಬೇಡ.

ಬ್ಯಾಟರಿ ವಿಮಾನ ನಿಜವಾಗಿ ಬಂದಿದೆ. ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊ 2020ರಲ್ಲಿ ಯುರೋಪಿನ ಪ್ರಮಾಣಪತ್ರ ಪಡೆಯಿತು. ಹಾರುವುದು ಐವತ್ತು ನಿಮಿಷ. ಎತ್ತರಕ್ಕೆ ಹೋದರೂ ಮೋಟಾರಿನ ಶಕ್ತಿ ಇಳಿಯುವುದಿಲ್ಲ, ಅದು ನಮಗೆ ಲಾಭವೇ. ಆದರೆ ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದ್ದರೆ, ಒಂದು ಕೆಜಿ ಬ್ಯಾಟರಿಯಲ್ಲಿ ಕಾಲು ಯೂನಿಟ್ ಕೂಡ ಇಲ್ಲ. ಮನೆಯಲ್ಲಿ ಕಟ್ಟುವವರಿಗೆ ಇದು ಇನ್ನೂ ಕಾಯಬೇಕಾದ ದಾರಿ.

ಪೆಟ್ರೋಲ್ ಪರೀಕ್ಷೆ

ಈಗ ಬಂಕಿನಲ್ಲಿ ಸಿಗುವುದು ಇ-20, ಅಂದರೆ ನೂರಕ್ಕೆ ಇಪ್ಪತ್ತು ಎಥೆನಾಲ್. ರೋಟಾಕ್ಸ್ 912ಕ್ಕೆ ಕಂಪನಿ ಒಪ್ಪಿರುವುದು ನೂರಕ್ಕೆ ಹತ್ತರವರೆಗೆ ಮಾತ್ರ. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಹೋಸನ್ನು ಉಬ್ಬಿಸುತ್ತದೆ, ಕೆಲವು ಫೈಬರ್ ಟ್ಯಾಂಕಿನ ರೆಸಿನ್ನನ್ನು ಮೆತ್ತಗಾಗಿಸುತ್ತದೆ.

ಪರೀಕ್ಷೆ ಸುಲಭ. ಗೆರೆ ಇರುವ ಗಾಜಿನ ಕೊಳವೆಯಲ್ಲಿ 10 ಮಿಲಿ ನೀರು, ಅದರ ಮೇಲೆ 100 ಮಿಲಿ ಪೆಟ್ರೋಲ್. ಮುಚ್ಚಿ ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಬಿಡಿ. ಕೆಳಗಿನ ನೀರಿನ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. ನಮ್ಮ ಬಂಕಿನ ಪೆಟ್ರೋಲಿನಲ್ಲಿ ಅದು ಉಬ್ಬಿ ಮೂವತ್ತರ ಹತ್ತಿರ ಹೋಯಿತು. ಗೆಳೆಯ ನಂಬದೆ ಮೂರು ಸಲ ಮಾಡಿದ.

ಇನ್ನೊಂದು ದಾರಿ ವಿಮಾನದ ಆವ್‌ಗ್ಯಾಸ್. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ದೇಶದಲ್ಲೇ ತಯಾರಾದ ಆವ್‌ಗ್ಯಾಸ್ 100 ಎಲ್‌ಎಲ್ ಬಿಡುಗಡೆ ಮಾಡಿದ್ದರಿಂದ ಪೂರ್ತಿ ಆಮದಿನ ಅವಲಂಬನೆ ತಪ್ಪಿದೆ. ಅದರಲ್ಲಿ ಸೀಸ ಇರುವುದರಿಂದ ರೋಟಾಕ್ಸ್‌ನಲ್ಲಿ 25 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು. ಲೈಕಾಮಿಂಗ್‌ಗೆ ಅದೇ ಹುಟ್ಟು ಆಹಾರ.

ನೆಲದ ಮೇಲೆ ಏನೇನು ಪರೀಕ್ಷಿಸಬೇಕು

ಎಂಜಿನ್ ಯಾವುದೇ ಇರಲಿ, ಸಣ್ಣ ವಿಮಾನಗಳಲ್ಲಿ ಎಂಜಿನ್ ನಿಲ್ಲುವುದು ಬಹಳ ಸಲ ಪೆಟ್ರೋಲ್ ಸರಿಯಾಗಿ ಬರದೆ. ಹಿಂದಿನ ಚಕ್ರದ ಕಡೆ ಗುಂಡಿ ತೆಗೆದು, ಏರುವಾಗಿನಷ್ಟು ಮೂಗು ಮೇಲಾಗುವಂತೆ ವಿಮಾನವನ್ನು ನಿಲ್ಲಿಸಿ. ಟ್ಯಾಂಕಿನಲ್ಲಿ ತಳದಷ್ಟೇ ಪೆಟ್ರೋಲ್ ಇಟ್ಟು, ಕಾರ್ಬುರೇಟರಿನ ಪೈಪ್ ಬಿಚ್ಚಿ ಅಳತೆ ಪಾತ್ರೆಗೆ ಬಿಡಿ. ಪಂಪ್ ಇಲ್ಲದೆ ಮೇಲಿನ ಟ್ಯಾಂಕಿನಿಂದ ಇಳಿದು ಬರುವುದಾದರೆ ಪೂರ್ತಿ ಥ್ರಾಟಲಿಗೆ ಬೇಕಾದುದರ ಒಂದೂವರೆ ಪಟ್ಟು, ಪಂಪ್ ಇದ್ದರೆ ಒಂದೂಕಾಲು ಪಟ್ಟು ಬರಬೇಕು. 80 ಎಚ್‌ಪಿ ರೋಟಾಕ್ಸ್‌ಗೆ ಪಂಪ್ ಇಲ್ಲದ ಲೆಕ್ಕದಲ್ಲಿ ಅದು ನಿಮಿಷಕ್ಕೆ 600 ಮಿಲಿ. ಸುತ್ತ ಕಿಡಿ, ಮೊಬೈಲ್ ಯಾವುದೂ ಬೇಡ. ವಿಮಾನಕ್ಕೂ ಪಾತ್ರೆಗೂ ತಂತಿ ಕಟ್ಟಿ ನೆಲಕ್ಕಿಳಿಸಿ.

ಪೂರ್ತಿ ಥ್ರಾಟಲ್ ಓಟವನ್ನು ಬೆಳಗಿನ ತಂಪಿನಲ್ಲಿ ಮಾಡಿ ಪಾಸಾಯಿತು ಎನ್ನಬೇಡಿ. ಏಪ್ರಿಲ್ ಮಧ್ಯಾಹ್ನವೇ ಮಾಡಿ. ಡಿಸೆಂಬರ್ ಮುಂಜಾವಿನಲ್ಲೂ ಮಾಡಿ: ನಂದಿ ಬೆಟ್ಟದ ಕೆಳಗೆ ಮಂಜು ಕವಿದು, ಹತ್ತು ಹದಿನೈದು ಡಿಗ್ರಿ ಇರುವಾಗ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಆವಿಯಾಗಿ ತಂಪಾಗಿ ಐಸ್ ಕಟ್ಟುತ್ತದೆ. ಐಸ್ ಕಟ್ಟಲು ಹಿಮಾಲಯಕ್ಕೇ ಹೋಗಬೇಕಿಲ್ಲ. ಸುತ್ತು ತಾನಾಗಿ ಇಳಿಯುತ್ತ ಹೋದರೆ ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ಹಿಡಿ ಎಳೆದು ನೋಡಿ, ಒಂದು ಕ್ಷಣ ಒರಟಾಗಿ ಓಡಿ ಮತ್ತೆ ಸರಿಹೋದರೆ ಐಸ್ ಇತ್ತೆಂದೇ ಅರ್ಥ.

ಅಮೆರಿಕದಲ್ಲಿ ಪ್ರಮಾಣಪತ್ರ ಇರುವ ಎಂಜಿನ್-ಪ್ರೊಪೆಲ್ಲರ್ ಜೋಡಿಗೆ 25 ಗಂಟೆ, ಇಲ್ಲದ್ದಕ್ಕೆ 40 ಗಂಟೆ ಒಂಟಿ ಪರೀಕ್ಷಾ ಹಾರಾಟ ಕೇಳುವುದು ರೂಢಿ. ಕಾರಿನ ಎಂಜಿನ್ ಹಾಕಿದವರು ಹಾರುವ ಮೊದಲೇ ನೆಲದ ಮೇಲೂ ಅಷ್ಟೇ ಗಂಟೆ ಓಡಿಸಲಿ ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ಐದು ಗಂಟೆಗೆ ಎಣ್ಣೆ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಲ್ಲಿ ನೋಡಿ. ಲೋಹದ ಮಿನುಗು ಕಂಡರೆ ಆಯಸ್ಕಾಂತ ತನ್ನಿ. ಅಂಟಿಕೊಂಡರೆ ಉಕ್ಕು, ಅಂದರೆ ಗೇರೋ ಕ್ರ್ಯಾಂಕೋ ಸವೆಯುತ್ತಿದೆ. ಅಂಟದಿದ್ದರೆ ಪಿಸ್ಟನ್ನಿನದ್ದೋ ಬೇರಿಂಗಿನದ್ದೋ. ಏನೂ ಕಾಣದ ಫಿಲ್ಟರನ್ನೂ ದಿನಾಂಕ ಬರೆದು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿಡಿ. ನಮ್ಮ ಶೆಡ್ಡಿನ ಗೋಡೆಯ ಮೊಳೆಗಳಲ್ಲಿ ಈಗ ಹನ್ನೊಂದು ಚೀಲ ನೇತಾಡುತ್ತಿವೆ.